ಗೋಡೆ ಯಾರದ್ದು, ಗೋಂದು ಯಾರದ್ದು?

ಅರಸೀಕೆರೆ ಪೇಟೆಯಲ್ಲಿ ಒಂದು ಕಿರಾಣಿ ಅಂಗಡಿ ಅಂತಿಟ್ಟುಕೊಳ್ಳಿ. ಬೆಳಿಗ್ಗೆ ಆರೂಮುಕ್ಕಾಲು. ಯಜಮಾನರು ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿ, ಬೀಗದ ಕೈ ಹಿಡಿದು ಬರುತ್ತಾರೆ. ನೋಡಿದರೆ ಶಟರೇ ಕಾಣುವುದಿಲ್ಲ. ಶಟರ್ ಇದ್ದ ಜಾಗದಲ್ಲಿ ಮೂಲವ್ಯಾಧಿ ಇದೆ. ಅದರ ಪಕ್ಕದಲ್ಲಿ 'ಐದೇ ನಿಮಿಷದಲ್ಲಿ ಸಾಲ' ಇದೆ. ಕೆಳಗೆ, ಸರಿಯಾಗಿ ಬೀಗದ ಮೇಲೆ, ಗಂಡ-ಹೆಂಡಿರ ಜಗಳ ಬಿಡಿಸುವ ವಶೀಕರಣದ ಸ್ವಾಮಿಗಳು ಕೂತಿದ್ದಾರೆ.

ಯಜಮಾನರು ಬಯ್ಯುತ್ತಾರೆ. ಯಾರನ್ನು ಬಯ್ಯುವುದು? ರಾತ್ರಿ ಹನ್ನೊಂದರ ಮೇಲೆ ಬಕೆಟ್ ಹಿಡಿದು ಬಂದ ಹುಡುಗ ಈಗ ಎಲ್ಲೋ ಮಲಗಿದ್ದಾನೆ. ಕೊನೆಗೆ ಒಂದು ಚೊಂಬು ನೀರು, ಒಂದು ತಗಡಿನ ಚೂರು ತಗೊಂಡು ತಾವೇ ಕೆರೆಯಲು ಕೂರುತ್ತಾರೆ. ಕಾಗದದ ಜೊತೆ ಬಣ್ಣವೂ ಬರುತ್ತದೆ. ಬೋಣಿ ಆಗುವ ಹೊತ್ತಿಗೆ ಯಜಮಾನರು ಶಟರ್ ಕೆರೆಯುತ್ತಾ ಕೂತಿದ್ದರೆ ಗಿರಾಕಿ ಮುಂದಿನ ಅಂಗಡಿಗೆ ಹೋಗುತ್ತಾನೆ.

ಇದು ಸಣ್ಣ ವಿಷಯ ಅನ್ನುವವರು ಒಂದು ದಿನ ಬಂದು ಕೆರೆದು ನೋಡಲಿ. ಮೈದಾ ಹಿಟ್ಟನ್ನು ನೀರಲ್ಲಿ ಕುದಿಸಿ, ಹುಳ ಹಿಡಿಯದ ಹಾಗೆ ಚೂರು ಮೈಲುತುತ್ತ ಬೆರೆಸಿ ಮಾಡಿದ ಅಂಟು ಅದು. ಹಸಿ ಇದ್ದಾಗ ಒಂದೇ ಎಳೆತಕ್ಕೆ ಬರುತ್ತದೆ. ಒಣಗಿ ಒಂದು ಬಿಸಿಲು ಕಂಡರೆ ಗಾರೆಯ ಮಗನ ಹಾಗೆ ಕಚ್ಚಿಕೊಂಡುಬಿಡುತ್ತದೆ.

ಲೆಕ್ಕ ಬಲ್ಲವರಿಗೆ ಒಂದು ಲೆಕ್ಕ. ಒಂದು ಬೀದಿಯಲ್ಲಿ ಐವತ್ತು ಅಂಗಡಿ. ಒಬ್ಬೊಬ್ಬರಿಗೆ ಅರ್ಧ ಗಂಟೆ ಕೆಲಸ. ಒಟ್ಟು ಇಪ್ಪತ್ತೈದು ಗಂಟೆ ಕೂಲಿ ನೀರಿಗೆ ಬಿತ್ತು. ಅಂಟಿಸಿದವನಿಗೆ ಎಷ್ಟು ಹೊತ್ತು ಹಿಡಿಯಿತು? ಒಂದು ಬ್ರಷ್ ಎಳೆತ, ಒಂದು ಕೈ ಒರೆಸು, ಮುಂದಿನ ಬಾಗಿಲು. ಸಾವಿರ ಕಾಗದ ಅಂಟಿಸಿ ಇಬ್ಬರು ಫೋನ್ ಮಾಡಿದರೂ ಅವನ ಯಜಮಾನನ ಗಂಟು ವಾಪಸ್ಸು ಬಂತು. ಉಳಿದ ಒಂಬೈನೂರ ತೊಂಬತ್ತೆಂಟು ಗೋಡೆಯವರ ಕಷ್ಟ ಅವನ ಖಾತೆಗೆ ಬರುವುದೇ ಇಲ್ಲ. ಅದಕ್ಕೇ ಈ ದಂಧೆ ನಿಲ್ಲುವುದಿಲ್ಲ. ಅಂಟಿಸುವ ಖರ್ಚು ಅವನದು, ಕೀಳುವ ಖರ್ಚು ನಿಮ್ಮದು. ಅಂಟಿಸುವುದಕ್ಕಿಂತ ಕೀಳುವುದು ದುಬಾರಿ ಇರುವ ತನಕ ಅವನೇ ಗೆಲ್ಲುತ್ತಾನೆ.

ಜನ ಸುಮ್ಮನೆ ಕೂತಿಲ್ಲ. ಕೆಲವರು 'ಇಲ್ಲಿ ಪೋಸ್ಟರ್ ಅಂಟಿಸಬಾರದು' ಅಂತ ದೊಡ್ಡ ಅಕ್ಷರದಲ್ಲಿ ಬರೆಸುತ್ತಾರೆ. ಪೋಸ್ಟರಿನವನು ಆ ಬರಹದ ಮೇಲೆಯೇ ಅಂಟಿಸುತ್ತಾನೆ. ಅಲ್ಲಿ ಗೋಡೆ ನಯವಾಗಿರುತ್ತದೆ ನೋಡಿ! ಕೆಲವರು ದೇವರ ಚಿತ್ರದ ಟೈಲ್ಸ್ ಹಾಕಿಸುತ್ತಾರೆ. ಗೋಡೆ ಬುಡದಲ್ಲಿ ನಿಲ್ಲುವವರಿಗೆ ಅದು ಸ್ವಲ್ಪ ಭಯ ಹುಟ್ಟಿಸೀತು. ಅಂಟಿನವನು ದೇವರನ್ನು ಬಿಟ್ಟು ಪಕ್ಕದಲ್ಲಿ ಅಂಟಿಸಿ ಹೋಗುತ್ತಾನೆ. ಕಲ್ಲುಚೂರು ಬೆರೆಸಿ ಒರಟು ಗಾರೆ ಹೊಡೆಸಿದವರು ಮಾತ್ರ ಸ್ವಲ್ಪ ಬಚಾವು, ಕಾಗದ ಅಲ್ಲಿ ಸರಿಯಾಗಿ ಕೂರುವುದಿಲ್ಲ. ಶಟರಿಗೆ ಒರಟು ಗಾರೆ ಹೊಡೆಸುವುದು ಹೇಗೆ?

ಅನುಭವಸ್ಥರ ಬುದ್ಧಿ ಒಂದಿದೆ. ಮೊದಲನೇ ಕಾಗದವನ್ನು ಅದೇ ದಿನ ಕಿತ್ತುಬಿಡಿ. ಬಿಸಿನೀರು ಚಿಮುಕಿಸಿ ಹತ್ತು ನಿಮಿಷ ನೆನೆಯಲು ಬಿಟ್ಟರೆ ಬಣ್ಣ ಉಳಿಯುತ್ತದೆ. ಒಂದು ಕಾಗದ ಉಳಿದರೆ ಅದು ಹತ್ತನ್ನು ಕರೆಯುತ್ತದೆ. ಖಾಲಿ ಗೋಡೆಗೆ ಅಂಟಿಸಲು ಅಂಜುವ ಹುಡುಗ, ಆಗಲೇ ಒಂದು ಅಂಟಿದ ಗೋಡೆ ಕಂಡರೆ ಅದನ್ನು ಸಾರ್ವಜನಿಕ ಆಸ್ತಿ ಅಂದುಕೊಳ್ಳುತ್ತಾನೆ.

ಇನ್ನು ಬಸ್ಸಿನವರ ಪಾಡು. ಬಾಣಾವರ, ಜಾವಗಲ್, ಹಳೇಬೀಡು ಅಂತ ಬೇಲೂರಿಗೆ ಹೋಗುವವರು ಕಿಟಕಿಯಿಂದ ಹೊರಗೆ ನೋಡಲಿ. ರಸ್ತೆಬದಿಯ ಮರಗಳಿಗೆ ಮೊಳೆ ಹೊಡೆದು ತಗಡು ನೇತುಹಾಕುವ ಚಾಳಿ ನಮ್ಮ ರಾಜ್ಯದಲ್ಲಿ ಎಲ್ಲಿಲ್ಲ? ತಂಗುದಾಣದ ಕಂಬ, ಮೋರಿ ಕಟ್ಟೆ, ಕರೆಂಟು ಡಬ್ಬ, ಮೈಲಿಗಲ್ಲು, ಎಲ್ಲಕ್ಕೂ ಕಾಗದ. ಊರಿನ ಹೆಸರು ಬರೆದ ಹಲಗೆ ಮೇಲೆ ಟ್ಯೂಷನ್ನಿನವರ ಕಾಗದ ಕೂತರೆ ರಾತ್ರಿ ಹೊಸಬರು ಇಳಿಯುವುದು ಎಲ್ಲಿ? ಬಸ್ಸಿನ ವೇಳೆ ಬರೆದ ಹಲಗೆ ಮುಚ್ಚಿಹೋದರೆ ಕಡೇ ಬಸ್ಸು ಎಷ್ಟು ಗಂಟೆಗೆ ಅಂತ ಹೆಂಗಸರು ಮಕ್ಕಳು ಯಾರನ್ನು ಕೇಳುವುದು? ಬೇಕಾದ ನಾಲ್ಕು ಅಕ್ಷರ ಬೇಡದ ನಾಲ್ಕುನೂರು ಅಕ್ಷರದ ಕೆಳಗೆ ಹೂತುಹೋಗುವುದು, ಇದೇ ದೊಡ್ಡ ನಷ್ಟ.

ಇದಕ್ಕಿಂತ ದೊಡ್ಡದೂ ಒಂದಿದೆ. ಆ ಕಾಗದಗಳಲ್ಲಿ ಬರೆದಿರುವುದೇನು ಅಂತ ನಿಂತು ಓದಿ. 'ಕೆಲಸಕ್ಕೆ ಬೇಕಾಗಿದ್ದಾರೆ, ವಿದ್ಯಾಭ್ಯಾಸ ಬೇಕಿಲ್ಲ, ಕೈತುಂಬಾ ಸಂಬಳ, ಊಟ ವಸತಿ ಉಚಿತ.' ಕೆಳಗೆ ಒಂದು ಮೊಬೈಲ್ ನಂಬರು. ಕಂಪನಿ ಹೆಸರಿಲ್ಲ, ಊರಿಲ್ಲ, ಬಾಗಿಲು ನಂಬರಿಲ್ಲ. ಪಿಯುಸಿ ಅರ್ಧಕ್ಕೆ ಬಿಟ್ಟು ಬಸ್ ಸ್ಟ್ಯಾಂಡಿನಲ್ಲಿ ನಿಂತ ಹುಡುಗ ಓದುವುದು ಪೇಪರಿನ ಸಂಪಾದಕೀಯವಲ್ಲ, ಅದನ್ನೇ. ಫೋನ್ ಮಾಡಿದರೆ ಮೊದಲು ರಿಜಿಸ್ಟ್ರೇಷನ್ ಫೀಸು ಅಂತಾರೆ, ಆಮೇಲೆ ಯೂನಿಫಾರಂ ದುಡ್ಡು ಅಂತಾರೆ, ಆಮೇಲೆ ಫೋನೇ ಸ್ವಿಚ್ ಆಫ್. ಎಲ್ಲ ಕಾಗದವೂ ಮೋಸದ್ದೇ ಅಂತ ಅಲ್ಲ. ಆದರೆ ಯಾವುದು ಮೋಸ, ಯಾವುದು ನಿಜ ಅಂತ ಗೋಡೆ ನೋಡಿ ಹೇಳಲಾಗದು. ಕೆಲಸ ಕೊಡುವವನು ಸಂಬಳ ಕೊಡುತ್ತಾನೆ, ಫೀಸು ಕೇಳುವುದಿಲ್ಲ ಅನ್ನುವುದನ್ನು ಯಾರಾದರೂ ಆ ಹುಡುಗನಿಗೆ ಹೇಳಬೇಕಿತ್ತು. ದುಡ್ಡು ಕಳಕೊಂಡವರು ನಾಚಿಕೆ ಪಡದೆ ಕೂಡಲೇ 1930ಕ್ಕೆ ಫೋನ್ ಮಾಡಬೇಕು. ಆನ್‌ಲೈನ್ ಹಣದ ಮೋಸಕ್ಕೆ ಇರುವ ಸರ್ಕಾರಿ ನಂಬರು ಅದು. ತಡ ಮಾಡಿದಷ್ಟೂ ದುಡ್ಡು ದೂರ ಹೋಗುತ್ತದೆ.

ಕಾನೂನು ಇಲ್ಲವೇ ಅಂದರೆ, ಇದೆ ಸ್ವಾಮಿ. ಕರ್ನಾಟಕ ತೆರೆದ ಸ್ಥಳಗಳ (ವಿರೂಪಗೊಳಿಸುವುದನ್ನು ತಡೆಯುವ) ಕಾಯಿದೆ, 1981. ಅನುಮತಿ ಇಲ್ಲದೆ ಜನರ ಕಣ್ಣಿಗೆ ಬೀಳುವ ಕಡೆ ಜಾಹೀರಾತು ಅಂಟಿಸಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಾಯಿದೆ ಬರೆದ ಕಾಲಕ್ಕೆ ಸಾವಿರ ರೂಪಾಯಿ ಅಂದರೆ ಎದೆ ಝಲ್ ಅನ್ನುತ್ತಿತ್ತು. ಇವತ್ತು ಪೋಸ್ಟರ್ ಮಾಡಿಸುವವನು ಅದನ್ನು ಅಂಟಿನ ಖರ್ಚಿನ ಜೊತೆ ಸೇರಿಸಿಕೊಂಡಾನು. ಫ್ರಾನ್ಸ್ ದೇಶದವರು ಇದಕ್ಕೆ ಸರಿಯಾಗಿ ನೂರು ವರ್ಷ ಮುಂಚೆ, 1881ರ ಜುಲೈ 29ರಂದೇ ಕಾನೂನು ಮಾಡಿಕೊಂಡರು. ಅಲ್ಲಿನ ಹಳೇ ಗೋಡೆಗಳ ಮೇಲೆ 'ಪೋಸ್ಟರ್ ಅಂಟಿಸಕೂಡದು' ಅನ್ನುವುದರ ಪಕ್ಕ ಆ ತಾರೀಖನ್ನೂ ಬರೆದಿರುತ್ತಾರಂತೆ. ಕಾನೂನಿಗೆ ಗೋಡೆ ಮೇಲೆ ಹೆಸರು, ತಾರೀಖು ಎರಡೂ ಇದೆ. ನಮ್ಮ ಕಡೆ ಗೋಡೆ ಇದೆ, ಕಾನೂನು ಬೀರುವಿನಲ್ಲಿದೆ.

2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧಿಸಿದಾಗ ಫ್ಲೆಕ್ಸು, ಬ್ಯಾನರುಗಳೂ ಆ ಪಟ್ಟಿಯಲ್ಲಿದ್ದವು. 2018ರ ಆಗಸ್ಟಿನಲ್ಲಿ ಹೈಕೋರ್ಟು ಗುಡುಗಿದ ಮೇಲೆ ಬೆಂಗಳೂರಿನಲ್ಲಿ ರಾಶಿ ರಾಶಿ ಫ್ಲೆಕ್ಸ್ ಇಳಿದವು. ಆಮೇಲೆ ಮತ್ತೆ ಏರಿದವು. ಕೋರ್ಟು ನೋಡುವಾಗ ಇಳಿಯುವುದು, ಕೋರ್ಟು ಕಣ್ಣು ಮಿಟುಕಿಸಿದಾಗ ಏರುವುದು.

ಆದರೆ ಆಗುವುದೇ ಇಲ್ಲ ಅನ್ನುವ ಅಧಿಕಾರಿಗಳ ಮಾತನ್ನು ಮಾತ್ರ ನಂಬಬೇಡಿ. 2024ರ ಮಾರ್ಚ್ 16ರಂದು ಲೋಕಸಭೆ ಚುನಾವಣೆ ಘೋಷಣೆಯಾಯಿತು. ಚುನಾವಣಾ ಆಯೋಗದ ನಿಯಮ ಹೀಗಿದೆ: ಸರ್ಕಾರಿ ಕಟ್ಟಡಗಳ ಮೇಲಿನ ಪ್ರಚಾರದ ಬರಹ, ಪೋಸ್ಟರು 24 ಗಂಟೆಯಲ್ಲಿ ಹೋಗಬೇಕು, ಬಸ್ ನಿಲ್ದಾಣ, ರೈಲು ನಿಲ್ದಾಣ, ಕಂಬಗಳಂಥ ಸಾರ್ವಜನಿಕ ಜಾಗದಲ್ಲಿ 48 ಗಂಟೆ, ಖಾಸಗಿ ಗೋಡೆಗಳ ಮೇಲೆ ಅನುಮತಿ ಇಲ್ಲದ್ದಕ್ಕೆ 72 ಗಂಟೆ. ಪ್ರತಿ ಚುನಾವಣೆಯಲ್ಲೂ ಏಣಿ ಬರುತ್ತದೆ, ಸುಣ್ಣ ಬರುತ್ತದೆ, ಆಳು ಬರುತ್ತಾರೆ. ಮಂತ್ರಿಗಳ ಮುಖವೇ ಬಿಳಿ ಬಟ್ಟೆಯ ಹಿಂದೆ ಹೋಗುತ್ತದೆ! ಮಂತ್ರಿ ಮುಖ ಮೂರು ದಿನದಲ್ಲಿ ಮುಚ್ಚಬಲ್ಲವರಿಗೆ ಮೂಲವ್ಯಾಧಿ ಮುಚ್ಚಲು ಐದು ವರ್ಷ ಬೇಕೆ? ಅದೇ ನೌಕರರು, ಅದೇ ಏಣಿ. ಬದಲಾಗಿದ್ದು ಮೇಲಿನವರ ಭಯ ಒಂದೇ.

ಚುನಾವಣೆಯ ಪುಸ್ತಕದಲ್ಲೇ ಇನ್ನೊಂದು ಒಳ್ಳೇ ಪಾಠವಿದೆ. 1951ರ ಪ್ರಜಾಪ್ರತಿನಿಧಿ ಕಾಯಿದೆಯ 127ಎ ಕಲಂ ಪ್ರಕಾರ ಚುನಾವಣೆಯ ಕರಪತ್ರ, ಪೋಸ್ಟರಿನ ಮೇಲೆ ಅಚ್ಚು ಹಾಕಿದವರ ಮತ್ತು ಪ್ರಕಟಿಸಿದವರ ಹೆಸರು ವಿಳಾಸ ಇರಲೇಬೇಕು. ಇಲ್ಲದಿದ್ದರೆ ಆರು ತಿಂಗಳವರೆಗೆ ಸಜೆ ಅಥವಾ ಎರಡು ಸಾವಿರದವರೆಗೆ ದಂಡ. ಓಟು ಕೇಳುವವನಿಗೆ ವಿಳಾಸ ಬೇಕು. ಸಾಲ ಕೊಡುತ್ತೇನೆ, ರೋಗ ವಾಸಿ ಮಾಡುತ್ತೇನೆ, ಕೆಲಸ ಕೊಡಿಸುತ್ತೇನೆ ಅನ್ನುವವನಿಗೆ ಬೇಡವೆ?

ಜೇಬಿನೊಳಗಿನ ಗೋಡೆ

ಬಸ್ಸಿನಲ್ಲಿ ಸೀಟು ಸಿಕ್ಕ ಕೂಡಲೇ ಎಲ್ಲರೂ ಜೇಬಿನಿಂದ ತೆಗೆಯುವ ಮೊಬೈಲೂ ಈಗ ಒಂದು ಗೋಡೆಯೇ. ಅಲ್ಲೂ ಅದೇ ಸಾಲ, ಅದೇ ಸೈಟು, ಅದೇ ರಮ್ಮಿ. ಕೊಬ್ಬರಿ ಮಂಡಿಯಲ್ಲಿ ಹರಾಜು ಕೂಗುವ ಹೊತ್ತಿಗೆ ಸರಿಯಾಗಿ ಫೋನು ಬಡಕೊಳ್ಳುತ್ತದೆ. ರೈತ ದರ ಕೇಳುವ ಬದಲು ಕ್ರೆಡಿಟ್ ಕಾರ್ಡಿನ ಹುಡುಗಿಯ ಮಾತು ಕೇಳಬೇಕು. ಕಂಪ್ಯೂಟರಿನವರು ಇದರ ಹುಟ್ಟಿದ ದಿನವನ್ನೂ ಗುರುತು ಹಾಕಿದ್ದಾರೆ. 1978ರ ಮೇ 3ರಂದು ಅಮೆರಿಕದ ಒಂದು ಕಂಪ್ಯೂಟರ್ ಕಂಪನಿಯ ಮಾರಾಟದವನು ಕೇಳದೇ ಇದ್ದ ಸುಮಾರು ನಾನೂರು ಜನಕ್ಕೆ ಒಂದೇ ಸಲ ಜಾಹೀರಾತು ಪತ್ರ ಕಳಿಸಿದ. ಬಂದ ಬೈಗುಳ ಒಂದಿಷ್ಟು, ಆದ ವ್ಯಾಪಾರ ಅದಕ್ಕಿಂತ ಜಾಸ್ತಿ. ಅಲ್ಲಿಗೆ ದಂಧೆ ಶುರುವಾಯಿತು.

ಈ ಮೊಬೈಲ್ ಗೋಡೆಯಲ್ಲಿ ಒಂದು ವ್ಯವಸ್ಥೆಯಾದರೂ ಬಂದಿದೆ. 1909ಕ್ಕೆ ಮೆಸೇಜು ಅಥವಾ ಫೋನು ಮಾಡಿ ಜಾಹೀರಾತು ಬೇಡ ಅಂತ ನೋಂದಾಯಿಸಬಹುದು, ದೂರೂ ಕೊಡಬಹುದು. 2025ರ ಫೆಬ್ರವರಿಯಲ್ಲಿ ಟ್ರಾಯ್ ನಿಯಮ ಬಿಗಿ ಮಾಡಿತು. ಮೂರು ದಿನದೊಳಗೆ ದೂರು ಕೊಡಬೇಕಿತ್ತು, ಅದು ಏಳು ದಿನವಾಯಿತು. ನೋಂದಣಿ ಇಲ್ಲದೆ ಕಾಟ ಕೊಡುವವರ ಮೇಲೆ ಕ್ರಮಕ್ಕೆ ಮೂವತ್ತು ದಿನ ಇದ್ದದ್ದು ಐದು ದಿನವಾಯಿತು. ಹತ್ತು ದಿನದಲ್ಲಿ ಐದು ದೂರು ಬಿದ್ದರೆ ಸಾಕು ಅಂತಾಯಿತು. ಅದಕ್ಕೂ ಮುಂಚೆ, 2024ರಲ್ಲಿ, ಇಂಥ ಎರಡು ಮುಕ್ಕಾಲು ಲಕ್ಷ ಸಂಪರ್ಕಗಳನ್ನು ಕತ್ತರಿಸಿ ಐವತ್ತು ಸಂಸ್ಥೆಗಳನ್ನು ಕಪ್ಪುಪಟ್ಟಿಗೆ ಹಾಕಿದ್ದೇವೆ ಅಂತ ಟ್ರಾಯ್ ಹೇಳಿತ್ತು. ಕಾಟ ಪೂರಾ ನಿಂತಿಲ್ಲ, ಬಸ್ಸಿನಲ್ಲಿ ಕೂತವರಿಗೆ ಗೊತ್ತು. ಆದರೆ ಅಲ್ಲಿ ಒಂದು ಬುದ್ಧಿವಂತಿಕೆ ಇದೆ: ಫೋನ್ ಮಾಡುವ ಹುಡುಗಿಯನ್ನು ಹಿಡಿಯಲು ಓಡುವುದಿಲ್ಲ, ನಂಬರನ್ನೇ ಕತ್ತರಿಸುತ್ತಾರೆ.

ಗೋಡೆಗೂ ಇದನ್ನೇ ಮಾಡಬೇಕು. ಬಕೆಟ್ ಹಿಡಿದ ಹುಡುಗನನ್ನು ಹಿಡಿದು ಎರಡು ಬಿಟ್ಟು ಕಳಿಸಿದರೆ ಏನು ಬಂತು? ಅವನು ದಿನಗೂಲಿಯವನು, ಅವನ ಮನೆಯಲ್ಲೂ ಒಲೆ ಉರಿಯಬೇಕು. ಕಳ್ಳ ತನ್ನ ವಿಳಾಸ ಬಿಟ್ಟು ಹೋಗುವ ಕಳ್ಳತನ ಇದೊಂದೇ ಇರಬೇಕು. ಪ್ರತಿ ಪೋಸ್ಟರಿನಲ್ಲೂ ದಪ್ಪ ಅಕ್ಷರದಲ್ಲಿ ಹತ್ತು ಅಂಕಿಯ ನಂಬರಿದೆ. ನಗರಸಭೆ, ಪುರಸಭೆ, ಪಂಚಾಯಿತಿಯ ಒಬ್ಬ ಗುಮಾಸ್ತರು ಬೆಳಿಗ್ಗೆ ಒಂದು ಸುತ್ತು ಹೊಡೆದು ಹತ್ತು ಫೋಟೋ ತೆಗೆಯಲಿ. ಆ ನಂಬರಿಗೆ ಫೋನ್ ಮಾಡಿ 'ನಿಮ್ಮ ಮುನ್ನೂರು ಪೋಸ್ಟರ್ ಕಂಡಿದೆ, ಕೀಳಿಸಿದ ಕೂಲಿ ಇಷ್ಟು, ದಂಡ ಇಷ್ಟು, ಬಂದು ಕಟ್ಟಿ' ಅನ್ನಲಿ. ಬರದಿದ್ದರೆ ಫೋಟೋ ಸಮೇತ ಪೊಲೀಸ್ ಠಾಣೆಗೆ ಹೋಗಲಿ. ಕೀಳುವ ಖರ್ಚು ಒಂದು ಸಲ ಅಂಟಿಸಿದವನ ತಲೆ ಮೇಲೆ ಬಿದ್ದರೆ ಎರಡನೇ ಸಲ ಬಕೆಟ್ ಕಲಸುವ ಮುಂಚೆ ಯೋಚಿಸುತ್ತಾನೆ.

ಇಲ್ಲಿ ಸಣ್ಣವರ ಮಾತನ್ನೂ ಕೇಳಬೇಕು. ಹೊಸದಾಗಿ ಟೈಲರಿಂಗ್ ಕ್ಲಾಸ್ ತೆಗೆದ ಹೆಣ್ಣುಮಗಳು, ಬೋರ್‌ವೆಲ್ ಮೋಟಾರು ರಿಪೇರಿ ಮಾಡುವ ಹುಡುಗ, ಹಳ್ಳಿಯ ನಾಟಕದವರು, ಇವರಿಗೆ ಪೇಪರಿನಲ್ಲಿ ಜಾಹೀರಾತು ಕೊಡುವ ಶಕ್ತಿ ಎಲ್ಲಿದೆ? ದೊಡ್ಡವರು ಬಸ್ಸಿನ ಮೈಗೆ ದುಡ್ಡು ಕೊಟ್ಟು ಬಣ್ಣ ಹಚ್ಚಿಸುತ್ತಾರೆ, ರಸ್ತೆಗೆ ಅಡ್ಡ ಕಮಾನು ನಿಲ್ಲಿಸುತ್ತಾರೆ. ಬಡವನ ಕಾಗದಕ್ಕೆ ಮಾತ್ರ ಕಾನೂನು ಅಂದರೆ ಅದೂ ಅನ್ಯಾಯವೇ. ಜಾತ್ರೆ, ನಾಟಕ, ಕೊನೆಗೆ ಊರಿನ ಹಿರಿಯರು ತೀರಿಕೊಂಡ ಸುದ್ದಿ, ಇವೆಲ್ಲ ಗೋಡೆಯಿಂದಲೇ ಜನಕ್ಕೆ ತಿಳಿಯುವುದು. ಅದಕ್ಕೆ ಬಸ್ ನಿಲ್ದಾಣದ ಹತ್ತಿರ, ಸಂತೆ ಮಾಳದಲ್ಲಿ, ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಒಂದೊಂದು ದೊಡ್ಡ ಹಲಗೆ ನಿಲ್ಲಿಸಲಿ. ಕಾಗದಕ್ಕೆ ಹತ್ತೋ ಇಪ್ಪತ್ತೋ ರೂಪಾಯಿ, ಮೇಲೆ ಮೊಹರು, ಹದಿನೈದು ದಿನ ಆಯುಸ್ಸು. ಹೆಸರು ವಿಳಾಸ ಇಲ್ಲದ ಕಾಗದಕ್ಕೆ ಮೊಹರಿಲ್ಲ. ಕೈಗೆ ಮೊಹರು ಬಂದ ಗುಮಾಸ್ತರು ತಮಗೆ ಬೇಕಾದವರಿಗೆ ಮಾತ್ರ ಒತ್ತದ ಹಾಗೆ ನೋಡಿಕೊಳ್ಳುವುದು ಬೇರೆ ಮಾತು, ಅದಕ್ಕೆ ಇನ್ನೊಂದು ಹಲಗೆ ಬೇಕಾದೀತು.

ಅಂದಹಾಗೆ, ಶಟರ್ ಕೆರೆದು ಬೈದ ಯಜಮಾನರಲ್ಲೇ ಕೆಲವರು ದೀಪಾವಳಿ ರಿಯಾಯಿತಿ ಬಂದಾಗ ಎದುರು ಬೀದಿಯ ಶಟರಿಗೆ ತಮ್ಮ ಕಾಗದ ಅಂಟಿಸುವುದುಂಟು. ಕೇಳಿದರೆ 'ನಮ್ಮದು ನಾಲ್ಕೇ ದಿನ ಸ್ವಾಮಿ' ಅನ್ನುತ್ತಾರೆ. ಎಲ್ಲರದೂ ನಾಲ್ಕೇ ದಿನ.

ಕಲ್ಲಿನ ಮೇಲಿನ ಹೆಸರು

ಬಸ್ಸು ಹಳೇಬೀಡು ದಾಟಿ ಬೇಲೂರು ತಲುಪಿದರೆ ಗೋಡೆಯ ಮಾತಿಗೆ ಬೇರೆಯೇ ತೂಕ ಬರುತ್ತದೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯ ಗೊಂಬೆಗಳ ಪೀಠದಲ್ಲಿ ಹೆಸರುಗಳಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಯಾರೂ ಅವರನ್ನು ಗೋಡೆ ಕೆಡಿಸಿದವರು ಅನ್ನುವುದಿಲ್ಲ. ಮೊದಲು ಮದನಿಕೆಯನ್ನು ಕೊಟ್ಟು ಆಮೇಲೆ ಪಾದದ ಬಳಿ ಎರಡು ಅಂಗುಲ ಜಾಗ ತಗೊಂಡವರು ಅವರು. ಹಳೇಬೀಡಿನ ಹೊಯ್ಸಳೇಶ್ವರದ ಆವರಣದಲ್ಲಿ ಒಂದು ಕಂಬವಿದೆ. ದೊರೆ ಎರಡನೇ ಬಲ್ಲಾಳನಿಗಾಗಿ ಜೀವ ಕೊಟ್ಟ ಕುವರ ಲಕ್ಷ್ಮನ ಹೆಸರು ಅದರ ಮೇಲಿದೆ. ಪ್ರಾಣ ಕೊಟ್ಟು ಪಡೆದ ಜಾಗ. ಶಾಸನ ಓದಿದರೂ ಹಾಗೇ: ಇಂಥವನು ಇಷ್ಟು ಭೂಮಿ ಬಿಟ್ಟ, ಇಂಥವಳು ದೀಪಕ್ಕೆ ಎಣ್ಣೆ ಕೊಟ್ಟಳು ಅಂತ. ಕಲ್ಲಿನ ಮೇಲೆ ಬರೆಸಿಕೊಳ್ಳಲು ಏನಾದರೂ ಕೊಡಬೇಕಿತ್ತು.

ಆ ಕಲ್ಲು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುವ ಜಾತಿ. ಉಗುರಿನಷ್ಟು ಸಣ್ಣ ಕೆತ್ತನೆ ಸಾಧ್ಯವಾದದ್ದು ಅದರಿಂದಲೇ. ಗಟ್ಟಿಯಾದರೂ ಗ್ರಾನೈಟಿನ ಗಟ್ಟಿಯಲ್ಲ; ಮೊಳೆಯೋ ಬೀಗದ ಕೈಯೋ ಹಿಡಿದ ಪಡ್ಡೆ ಹುಡುಗನಿಗೆ ಅದು ಸ್ಲೇಟು. ನಮ್ಮ ದೇಶದಲ್ಲಿ ಸ್ಮಾರಕದ ಮೇಲೆ ತನ್ನ ಹೆಸರು, ಪಕ್ಕದಲ್ಲಿ ಒಂದು ಹೃದಯ, ಒಂದು ಬಾಣ ಗೀಚುವ ಪ್ರೇಮಿಗಳಿಗೆ ಎಂದೂ ಬರವಿಲ್ಲ. ಪೋಸ್ಟರಾದರೆ ಬಿಸಿನೀರಿಗೆ ಬಂದೀತು. ಇದಕ್ಕೆ ಯಾವ ಬಿಸಿನೀರು? ಗೀಚಿದ್ದನ್ನು ಉಜ್ಜಿ ತೆಗೆಯಲು ಹೋದರೆ ಜೊತೆಗೆ ಎಂಟುನೂರು ವರ್ಷದ ಉಳಿಯ ಗುರುತೂ ಹೋಗುತ್ತದೆ.

ಇಲ್ಲಿ ಕಾನೂನು ಮೆತ್ತಗಿಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ತಿದ್ದುಪಡಿಯಾಗಿ, ಸಂರಕ್ಷಿತ ಸ್ಮಾರಕ ಕೆಡಿಸಿದವರಿಗೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ ಅಂತಾಗಿದೆ. ಮುಂಚೆ ಮೂರು ತಿಂಗಳು, ಐದು ಸಾವಿರ ಇತ್ತು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿ ಸೇರಿದವು. ಅಂದಮೇಲೆ ಗುಡಿಯ ಗೋಡೆ ಕಾಯಲು ದಿಲ್ಲಿಯ ಕಾನೂನಿದೆ, ಪ್ಯಾರಿಸ್ಸಿನ ಪಟ್ಟಿಯಿದೆ. ಗುಡಿಗೆ ಹೋಗುವ ದಾರಿಯ ಗೋಡೆಗೆ ಯಾರಿದ್ದಾರೆ? ದೂರದೂರಿನಿಂದ ದಾಸೋಜನ ಕೆಲಸ ನೋಡಲು ಬಂದವರು ಬಸ್ಸಿಳಿದ ಕೂಡಲೇ ಮೊದಲು ಓದುವುದು ಬೊಕ್ಕತಲೆಗೆ ಕೂದಲು ಬರಿಸುವ ಎಣ್ಣೆಯ ವಿಷಯವಾದರೆ ಅದು ಊರಿಗೆ ಶೋಭೆಯೆ?

ಸಂಬಂಧಪಟ್ಟವರು ಇತ್ತ ಗಮನ ಹರಿಸುವರೆ ಅಂತ ಕೇಳುವುದು ಪತ್ರಿಕೆಗಳ ಹಳೇ ಪದ್ಧತಿ. ಸಂಬಂಧಪಟ್ಟವರ ಕಚೇರಿಯ ಕಾಂಪೌಂಡಿಗೂ ಕಾಗದ ಅಂಟಿರುವಾಗ ಅವರಿಗೆ ಗೊತ್ತಿಲ್ಲ ಅನ್ನುವುದು ಹೇಗೆ? ವರ್ತಕರ ಸಂಘದವರು ಮುಂದಿನ ಸಭೆಯಲ್ಲಿ ಇದೊಂದು ವಿಷಯ ಎತ್ತಲಿ. ಪ್ರತಿ ಬೀದಿಯಿಂದ ಒಬ್ಬರು ತಮ್ಮ ಶಟರಿನ ಫೋಟೋ ತೆಗೆದು, ನಂಬರು ಬರೆದು, ಅರ್ಜಿ ಜೊತೆ ಕೊಟ್ಟು, ಸ್ವೀಕೃತಿಗೆ ಸೀಲು ಹಾಕಿಸಿಕೊಂಡು ಬರಲಿ. ಸೀಲು ಬಿದ್ದ ಕಾಗದ ಕಂಡರೆ ಕಚೇರಿಗಳಿಗೂ ಕೊಂಚ ನೆನಪು ಬರುತ್ತದೆ.

ಈ ಪತ್ರಿಕೆ ಕೈ ಸೇರುವುದು ಸಂಜೆ. ಇನ್ನೆರಡು ಮೂರು ಗಂಟೆಯಲ್ಲಿ ಪೇಟೆಯ ಶಟರುಗಳು ಒಂದೊಂದಾಗಿ ಇಳಿಯುತ್ತವೆ. ಕಡೇ ಬಸ್ಸು ಹೋಗುತ್ತದೆ. ಎಲ್ಲೋ ಒಂದು ಹಿತ್ತಲಲ್ಲಿ ಮೈದಾ ಆಗಲೇ ಒಲೆ ಮೇಲಿದೆ.